ಅವರೆಬೇಳೆಗೆ ಗಾಳಿ ಬಿಟ್ಟ ಪಾಪ

ಮೊನ್ನೆ ನನ್ನ ಹೆಂಡತಿ ರತ್ನಮ್ಮ ಚಿಕ್ಕಬಳ್ಳಾಪುರಕ್ಕೆ ಹೋದವಳು ಬರುವಾಗ ಒಂದು ಪ್ಯಾಕೆಟ್ಟು ತಂದಳು. ನುಣುಪಾದ ಪ್ಲಾಸ್ಟಿಕ್ಕು, ಮೇಲೆ ಬಣ್ಣದ ಚಿತ್ರ, ಒಳಗೆ ಹಿತಕಿದ ಅವರೆಬೇಳೆ. ಜಗಲಿಯ ಮೇಲೆ ಕೂತು ಅದನ್ನು ತಿರುಗಿಸಿ ತಿರುಗಿಸಿ ನೋಡಿದೆ. ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಮೇಲೂರು. ಸಂಕ್ರಾಂತಿಯ ಹಿಂದುಮುಂದಿನ ಎರಡು ತಿಂಗಳು ಇಲ್ಲಿ ಯಾರ ಮನೆ ಮುಂದೆ ನಡೆದರೂ ಅವರೆಕಾಯಿಯ ಸೊಗಡು ಮೂಗಿಗೆ ಹೊಡೆಯುತ್ತದೆ. ಸಿಪ್ಪೆ ತಿಂದು ತಿಂದು ಹಸುಗಳಿಗೇ ಬೇಸರ ಬಂದಿರುತ್ತದೆ. ಅಂಥ ಊರಿಗೆ, ಅಂಥ ಕಾಲದಲ್ಲಿ, ಅಂಗಡಿಯಿಂದ ಅವರೆಬೇಳೆ ಬಂದಿತ್ತು.

ರತ್ನಮ್ಮ ಸೊಸೆಯನ್ನು ಕೂಗಿದಳು. "ಶೈಲಾ, ಇದನ್ನ ಫ್ರೀಜರಿಗೆ ಹಾಕಮ್ಮ."

ಒಳಗಿನಿಂದ ಸೊಸೆಯ ನಗು ಕೇಳಿಸಿತು. "ನೀವೇ ಇಡಿ ಅತ್ತೆ. ನನ್ನ ಕೈ ಗೊತ್ತಲ್ಲ."

ಇಬ್ಬರೂ ನಕ್ಕರು. ಆರು ವರ್ಷದಿಂದ ನಮ್ಮ ಮನೆಯಲ್ಲಿ ಓಡಾಡುತ್ತಿರುವ ತಮಾಷೆ ಇದು. ನಗದೆ ಕೂತಿದ್ದವನು ನಾನೊಬ್ಬನೇ. ಯಾಕೆಂದರೆ ಆ ತಮಾಷೆಯನ್ನು ಹುಟ್ಟಿಸಿದವನು ನಾನು, ಮತ್ತು ಅದು ಯಾರಿಗೂ ಗೊತ್ತಿರಲಿಲ್ಲ. ನಿಮಗೆ ಹೇಳುತ್ತೇನೆ, ಹೀಗೆ ಪಕ್ಕಕ್ಕೆ ಬಂದು ಕೂತುಕೊಳ್ಳಿ.

ನಮ್ಮ ಕಡೆಯವರಲ್ಲದವರಿಗೆ ಮೊದಲು ಒಂದು ಮಾತು. ಅವರೆಕಾಳನ್ನು ನೀರಿನಲ್ಲಿ ನೆನೆಹಾಕಿ, ಒಂದೊಂದೇ ಕಾಳನ್ನು ಹೆಬ್ಬೆಟ್ಟು ತೋರುಬೆರಳಿನ ನಡುವೆ ಹಿಡಿದು ಹಿತಕಿದರೆ, ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪಾತ್ರೆಗೆ ಚಿಮ್ಮುತ್ತದೆ. ಅದೇ ಹಿತಕಿದ ಬೇಳೆ. ಹೇಳುವುದಕ್ಕೆ ಒಂದೇ ವಾಕ್ಯ; ಹಿತಕುವುದಕ್ಕೆ ಮನೆಯ ಹೆಂಗಸರೆಲ್ಲ ಒಂದು ಮಧ್ಯಾಹ್ನ ಪೂರ್ತಿ ಗೋಣು ಬಗ್ಗಿಸಿ ಕೂರಬೇಕು. ಗಂಡಸರು ಎರಡು ಸಲ ಕೈ ಹಾಕಿ, ಹತ್ತು ಕಾಳು ಹಿತಕಿ, ಮೂರು ಬೇಳೆಯನ್ನು ಗೋಡೆಗೆ ಹಾರಿಸಿ, "ಬೆರಳು ನೋಯುತ್ತೆ" ಎಂದು ಏಳುತ್ತಾರೆ. ಊಟದ ಹೊತ್ತಿಗೆ ಮಾತ್ರ ಆ ಬೆರಳುಗಳ ನೋವು ಪೂರ್ತಿ ವಾಸಿಯಾಗಿರುತ್ತದೆ. ನಾನೂ ಅದೇ ಜಾತಿಯ ಗಂಡಸು.

ಆದರೆ ನನಗೆ ಇನ್ನೊಂದು ಜಂಬವೂ ಇತ್ತು. ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ನಾನು ಮಾಡಿದ್ದು ಚಾಕಿ ಹುಳು ಸಾಕುವ ಕೆಲಸ. ರೇಷ್ಮೆ ಹುಳು ಮೊಟ್ಟೆಯೊಡೆದು ಎರಡನೇ ಜ್ವರ ಕಳೆಯುವವರೆಗೆ, ಎಂದರೆ ಎರಡು ಸಲ ಪೊರೆ ಬಿಡುವವರೆಗೆ, ಅದನ್ನು ಎಳೆಮಗುವಿನ ಹಾಗೆ ನೋಡಿಕೊಂಡು, ಆಮೇಲೆ ರೈತರಿಗೆ ಕೊಡುವುದು. ನಲವತ್ತು ವರ್ಷ ಮಾಡಿದೆ. ಆ ಕೆಲಸದ ಅರ್ಧ ಗುಟ್ಟು ಸೊಪ್ಪಿನಲ್ಲಿದೆ. ಕೊಯ್ದ ಹಿಪ್ಪುನೇರಳೆ ಸೊಪ್ಪು ಬಾಡಬಾರದು. ಒದ್ದೆ ಗೋಣಿ ಸುತ್ತಬೇಕು, ಆಗಾಗ ನೀರು ಚಿಮುಕಿಸಬೇಕು, ಒತ್ತಿ ತುರುಕಬಾರದು, ಗಾಳಿಯಾಡಲು ಬಿಡಬೇಕು. ಗಾಳಿ ಇಲ್ಲದಿದ್ದರೆ ಸೊಪ್ಪು ಬಿಸಿಯಾಗಿ ಕೊಳೆಯುತ್ತದೆ. ನನ್ನ ಕೈಯಲ್ಲಿ ಸೊಪ್ಪು ಬಾಡಿದ್ದನ್ನು ಯಾರೂ ನೋಡಿಲ್ಲ. ಹೀಗೆ ಒಂದೇ ವಿಷಯ ಚೆನ್ನಾಗಿ ತಿಳಿದವನಿಗೆ ಲೋಕದ ಎಲ್ಲ ವಿಷಯವೂ ತಿಳಿದಿದೆ ಎನ್ನುವ ಕಾಯಿಲೆ ಬರುತ್ತದೆ. ನನಗೆ ಬಂದಿತ್ತು. ಔಷಧಿ ಈಗ ಸಿಕ್ಕಿದೆ, ಎಪ್ಪತ್ತೆರಡರ ವಯಸ್ಸಿನಲ್ಲಿ.

ಶೈಲಜ ಗೌರಿಬಿದನೂರಿನ ಹುಡುಗಿ. ಅವಳ ತಾಯಿ ಅಲ್ಲಿಯ ಒಂದು ಸರ್ಕಾರಿ ಹಾಸ್ಟೆಲಿನಲ್ಲಿ ಅಡುಗೆಯವರು. ಮಗನ ಮದುವೆಗೆ ಮಾತಾಡುವಾಗ ನಾನು ಇದನ್ನು ನೆಂಟರಿಗೆ "ಬೀಗಿತ್ತಿ ಸರ್ಕಾರಿ ಕೆಲಸದಲ್ಲಿದ್ದಾರೆ" ಎಂದು ಹೇಳುತ್ತಿದ್ದೆ. ಮದುವೆಯಾದ ಮೇಲೆ, ಸೊಸೆ ಏನಾದರೂ ತಿಳಿಹೇಳಿದಾಗ ಮಾತ್ರ, "ಹಾಸ್ಟೆಲ್ಲಿನ ಬುದ್ಧಿ" ಎನ್ನುತ್ತಿದ್ದೆ. ಕೆಲಸ ಅದೇ, ಬೀಗಿತ್ತಿ ಅವರೇ, ನಾಲಗೆ ಮಾತ್ರ ನನ್ನದು.

ಮದುವೆಯಾದ ಮೊದಲ ಅವರೆ ಸುಗ್ಗಿಯಲ್ಲಿ ಶೈಲಜ ಹೇಳಿದಳು, "ಅತ್ತೆ, ಈ ಸಲ ಸ್ವಲ್ಪ ಜಾಸ್ತಿ ಹಿತಕೋಣ. ಫ್ರೀಜರಲ್ಲಿ ಇಟ್ರೆ ಯುಗಾದಿ ಹೊಸತೊಡಕಿಗೆ ಬರುತ್ತೆ."

ಹೊಸತೊಡಕೆಂದರೆ ಯುಗಾದಿಯ ಮಾರನೆಯ ದಿನ, ಮಾಂಸದೂಟದ ದಿನ. ನಮ್ಮ ಮನೆಯಲ್ಲಿ ಅವತ್ತು ಇಪ್ಪತ್ತೈದು ಜನ ಸೇರುತ್ತಾರೆ. ಅಷ್ಟು ಹೊತ್ತಿಗೆ ಅವರೆಯ ಕಾಲ ಮುಗಿದಿರುತ್ತದೆ. ಆಗ ಮಟನ್ ಸಾರಿಗೆ ಹಿತಕಿದ ಬೇಳೆ ಬಿತ್ತೆಂದರೆ ವರ್ಷವಿಡೀ ಮಾತಾಡಬಹುದಾದ ಊಟ.

ಅವಳು ಕಟ್ಟಿಡುವುದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಹಿತಕಿದ ಬೇಳೆಯನ್ನು ತೊಳೆದು, ಹಳೆಯ ಪಂಚೆಯ ಮೇಲೆ ಹರಡಿ, ಫ್ಯಾನು ಹಾಕಿದಳು. ಅಂಗೈಯಲ್ಲಿ ಒತ್ತಿದರೆ ತೇವ ಹತ್ತಬಾರದು, ಅಲ್ಲಿಯವರೆಗೆ ಮುಂದಿನ ಕೆಲಸವಿಲ್ಲ. ಆಮೇಲೆ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜರಿನಲ್ಲಿಟ್ಟು, ಬೇಳೆ ಕಲ್ಲುಸಕ್ಕರೆಯ ಹಾಗೆ ಬಿಡಿಬಿಡಿಯಾದ ಮೇಲೆ, ಒಂದು ಹೊತ್ತಿನ ಸಾರಿಗೆ ಎಷ್ಟು ಬೇಕೋ ಅಷ್ಟನ್ನು ಒಂದೊಂದು ಕವರಿಗೆ ಹಾಕಿದಳು. ಕವರನ್ನು ಮಲಗಿಸಿ ಅಂಗೈಯಿಂದ ಒತ್ತಿ ಗಾಳಿ ಹೊರಡಿಸಿದಳು. ಮೂಲೆಯಲ್ಲಿ ಒಂದು ಸ್ಟ್ರಾ ಸಿಕ್ಕಿಸಿ ಉಳಿದ ಗಾಳಿಯನ್ನೂ ಬಾಯಿಂದ ಎಳೆದು, ಸ್ಟ್ರಾ ತೆಗೆದದ್ದೇ ಕವರಿನ ಬಾಯಿ ಮುಚ್ಚಿದಳು. ಪ್ಲಾಸ್ಟಿಕ್ಕು ಬೇಳೆಗೆ ಚರ್ಮದ ಹಾಗೆ ಅಂಟಿಕೊಂಡಿತು. ಮೇಲೆ ತಾರೀಕು ಬರೆದು, ಎಂಟು ಕವರುಗಳನ್ನು ಪುಸ್ತಕದ ಹಾಗೆ ಜೋಡಿಸಿಟ್ಟಳು.

"ಏನಮ್ಮ, ಅವರೆಬೇಳೇಲಿ ಎಳನೀರು ಬರ್ತದಾ?" ಎಂದೆ.

"ಇಲ್ಲ ಮಾವ. ಒಳಗೆ ಗಾಳಿನೂ ಇರಬಾರ್ದು, ನೀರೂ ಇರಬಾರ್ದು. ಇದ್ರೆ ಮಂಜು ಕಟ್ಟುತ್ತೆ, ಬೇಳೆ ಒಣಗಿ ತೊಗಲಾಗುತ್ತೆ. ಬೇರೆ ವಾಸನೆನೂ ಎಳ್ಕೊಳ್ಳುತ್ತೆ."

"ಉಸಿರು ಕಟ್ಟಿಸಿ ಸಾಯಿಸ್ತಾ ಇದೀಯ ಅನ್ನು."

"ಅದು ಕಾಳು ಮಾವ, ಹುಳ ಅಲ್ಲ," ಎಂದು ನಕ್ಕಳು. ರತ್ನಮ್ಮನೂ ನಕ್ಕಳು. ನನಗೆ ಆ ನಗು ಇಳಿಯಲಿಲ್ಲ. ಎಂಟು ತಿಂಗಳ ಸೊಸೆ, ನಲವತ್ತು ವರ್ಷದ ಅನುಭವವನ್ನು ನಾಲ್ಕು ಮಾತಿನಲ್ಲಿ ಮಡಿಸಿ ಪಕ್ಕಕ್ಕಿಟ್ಟಿದ್ದಳು.

ಸಂಕ್ರಾಂತಿಗೆ ಅವಳು ತವರಿಗೆ ಹೋದಳು. ಮಗ ಬಿಡಲು ಹೋದ. ರತ್ನಮ್ಮ ಹಿಟ್ಟಿನ ಗಿರಣಿಗೆ ಹೊರಟಳು. ಮನೆಯಲ್ಲಿ ನಾನು ಮತ್ತು ನನ್ನ ಅನುಭವ, ಇಬ್ಬರೇ. ಫ್ರೀಜರಿನ ಬಾಗಿಲು ತೆಗೆದೆ. ಎಂಟು ಕವರನ್ನೂ ಹೊರಗೆ ತೆಗೆದು ಬಾಯಿ ಬಿಡಿಸಿದೆ. ಒಂದೊಂದಕ್ಕೂ ಒಂದು ಹಿಡಿ ನೀರು ಚಿಮುಕಿಸಿದೆ, ಸೊಪ್ಪಿಗೆ ಚಿಮುಕಿಸುವ ಹಾಗೆಯೇ, ಬೆರಳ ತುದಿಯಿಂದ, ಬಹಳ ನಾಜೂಕಾಗಿ. ಸಡಿಲವಾಗಿ ಗಾಳಿ ತುಂಬಿಕೊಳ್ಳಲು ಬಿಟ್ಟು ಮತ್ತೆ ಮುಚ್ಚಿದೆ. ಆಮೇಲೆ ರತ್ನಮ್ಮನ ಹೊಲಿಗೆ ಡಬ್ಬಿಯಿಂದ ಸೂಜಿ ತಂದು ಒಂದೊಂದು ಕವರಿಗೂ ಹತ್ತು ತೂತು ಚುಚ್ಚಿದೆ. ಎಣಿಸಿ ಚುಚ್ಚಿದೆ. ಚಾಕಿ ಮನೆಯಲ್ಲಿ ಇದ್ದ ಶಿಸ್ತನ್ನು ನಾನು ಅಡುಗೆಮನೆಯಲ್ಲೂ ಬಿಟ್ಟವನಲ್ಲ. ಯುಗಾದಿಗೆ ಬೇಳೆ ತಾಜಾ ಇದ್ದಾಗ ಎಲ್ಲರ ಎದುರಿಗೆ ಗುಟ್ಟು ಬಿಡಬೇಕೆಂದೂ ಲೆಕ್ಕ ಹಾಕಿಕೊಂಡೆ. ಗುಟ್ಟೇನೋ ಬಿಟ್ಟೆ, ಆರು ವರ್ಷ ತಡವಾಯಿತು, ಅಷ್ಟೇ.

ಅದೇ ವಾರ ರತ್ನಮ್ಮ ಬೆಕ್ಕಿನ ಕಾಟಕ್ಕೆ ಒಣಮೀನಿನ ಪೊಟ್ಟಣವನ್ನು ಒಯ್ದು ಫ್ರೀಜರಿನಲ್ಲಿಟ್ಟಳು. ಎಲ್ಲಿ ಎಂದು ಬೇರೆ ಹೇಳಬೇಕೆ? ನನ್ನ ಎಂಬತ್ತು ಕಿಟಕಿಗಳ ಪಕ್ಕದಲ್ಲಿ.

ಹೊಸತೊಡಕಿನ ದಿನ ಬಂತು. ಕೆಂಚಾರ್ಲಹಳ್ಳಿಯಿಂದ ನಮ್ಮ ದೊಡ್ಡಕ್ಕ ಬಂದಳು. ಚಿಂತಾಮಣಿ ಸೀಮೆಗೆ ಸೊಸೆಯಾಗಿ ಹೋಗಿ ಐವತ್ತು ವರ್ಷ ಕಳೆದು, ಕೋಪ ಬಂದರೆ ತೆಲುಗು, ಪ್ರೀತಿ ಬಂದರೆ ಕನ್ನಡ ಎನ್ನುವಂತಾದವಳು. ಇಡೀ ನೆಂಟರ ಬಳಗದಲ್ಲಿ ಅಡುಗೆಯ ವಿಷಯಕ್ಕೆ ಅವಳದೇ ಕೊನೆಯ ತೀರ್ಪು. ಬೆಳಿಗ್ಗೆ ರತ್ನಮ್ಮ ಕವರುಗಳನ್ನು ಮಂಜು ಕರಗಲೆಂದು ನೀರಿನ ಬೇಸಿನ್ನಿಗೆ ಹಾಕಿದಳು. ಶೈಲಜ ಹಿತ್ತಲಲ್ಲಿ ಮಸಾಲೆ ಅರೆಯುತ್ತಿದ್ದಳು. ರತ್ನಮ್ಮ ಒಂದು ಕವರು ಎತ್ತಿದಾಗ ಅದರ ಮೈಯಿಂದ ಹತ್ತು ಸಣ್ಣ ಕಾರಂಜಿಗಳು ಚಿಮ್ಮಿದವು. ಅವಳು ಅವಸರದಲ್ಲಿ ಗಮನಿಸಲಿಲ್ಲ. ನಾನು ಗಮನಿಸಿದೆ. ಬೇಳೆ ಬೇಳೆಯ ಬಣ್ಣದಲ್ಲಿರಲಿಲ್ಲ, ಸುಣ್ಣ ಬಳಿದ ಹಾಗಿತ್ತು. ಆಗಲೇ ಬಾಯಿ ಬಿಟ್ಟಿದ್ದರೆ ಮಟನ್ನಾದರೂ ಉಳಿಯುತ್ತಿತ್ತು. ಬೆಂದರೆ ಸರಿಹೋಗುತ್ತದೆ ಎಂದುಕೊಂಡೆ.

ಬೇಳೆ ಬೇಯಲಿಲ್ಲ. ಮಟನ್ನು ಎಲುಬು ಬಿಟ್ಟರೂ ಬೇಳೆ ಹಲ್ಲಿಗೆ ತೊಗಲಿನ ಹಾಗೆ ಸಿಗುತ್ತಿತ್ತು. ಕುದಿ ಹತ್ತಿದ ಹಾಗೆಲ್ಲ ಒಣಮೀನಿನ ವಾಸನೆ ಎದ್ದು ಅಂಗಳಕ್ಕೆ ಬಂತು. ಪಂಕ್ತಿಯಲ್ಲಿ ಕೂತವರು ಒಬ್ಬರ ಮುಖ ಒಬ್ಬರು ನೋಡಿದರು. ದೊಡ್ಡಕ್ಕ ಒಂದು ತುತ್ತು ಬಾಯಿಗಿಟ್ಟು, ಎಲೆಯ ಅಂಚಿಗೆ ಉಗಿದಳು.

"ಏಂದಿರಾ ಇದಿ? ಕುರಿ ಸಾರಾ, ಮೀನು ಸಾರಾ? ಯಾರಮ್ಮ ಈ ಬೇಳೆ ಕಟ್ಟಿಟ್ಟಿದ್ದು?"

ಶೈಲಜ ಸೌಟು ಹಿಡಿದು ನಿಂತಿದ್ದಳು. "ನಾನೇ ದೊಡ್ಡಮ್ಮ."

"ಹ್ಞೂಂ," ಎಂದಳು ದೊಡ್ಡಕ್ಕ. "ಕೆಲವರ ಕೈಗುಣ ಹಂಗಿರ್ತದೆ. ಹಾಕಿದ್ದು ಹಾಳು. ರತ್ನೀ, ಇನ್ನು ಮೇಲೆ ಇಡೋ ಸಾಮಾನು ಇವಳ ಕೈಗೆ ಕೊಡಬ್ಯಾಡ ಕಣೇ."

ಸೊಸೆ ನನ್ನ ಕಡೆ ನೋಡಿದಳು. ಅನುಮಾನದಿಂದಲ್ಲ, ಮನೆಯ ಹಿರಿಯ, ಒಂದು ಮಾತು ಅಡ್ಡ ಹಾಕಬಹುದು ಎಂಬ ಆಸೆಯಿಂದ. ನಾನು ಒಂದು ಮಾತು ಹೇಳಿದೆ ನೋಡಿ. "ಹೋಗಲಿ ಬಿಡಕ್ಕ, ಚಿಕ್ಕ ಹುಡುಗಿ, ಕಲ್ತ್ಕೋತಾಳೆ." ನನ್ನ ತಪ್ಪನ್ನು ಅವಳ ತಲೆಗೆ ಕಟ್ಟಿದ್ದಲ್ಲದೆ, ಅದನ್ನು ಕ್ಷಮಿಸಿದ ದೊಡ್ಡತನವನ್ನೂ ನಾನೇ ಇಟ್ಟುಕೊಂಡೆ. ಎಲ್ಲರೂ ಮೊಸರನ್ನ ಉಂಡು ಏಳುವ ಹೊತ್ತಿಗೆ ಆ ಎಂಟು ಕವರುಗಳನ್ನು ಕಸದಿಂದ ಆರಿಸಿ ನೀರೊಲೆಗೆ ಹಾಕಿ ಸುಟ್ಟೆ. ಪ್ಲಾಸ್ಟಿಕ್ಕು ಉರಿಯುವ ನಾತಕ್ಕೆ ರತ್ನಮ್ಮ "ಏನ್ರೀ ಅದು?" ಎಂದು ಕೂಗಿದಳು. "ಕಸ ಕಣೇ," ಎಂದೆ.

ಒಂದು ಸಲ ಹೆಸರು ಬಿತ್ತೆಂದರೆ ಮುಗಿಯಿತು. ಹಾಲು ಒಡೆದರೆ ಶೈಲಜಳ ಕೈ. ಹಿಟ್ಟು ಹುಳಿಯಾದರೆ ಶೈಲಜಳ ಕೈ. ಬೇಸಿಗೆಯಲ್ಲಿ ಹಿಟ್ಟು ಹುಳಿಯಾಗದೆ ಇನ್ನೇನಾಗುತ್ತದೆ ಎಂದು ಯಾರೂ ಕೇಳಲಿಲ್ಲ. ರತ್ನಮ್ಮ ಕೆಟ್ಟವಳಲ್ಲ, ಬೈಯಲಿಲ್ಲ; ಮೆಲ್ಲಗೆ ಡಬ್ಬಿಗಳನ್ನು ಸೊಸೆಯ ಕೈಗೆಟುಕದ ಕಡೆ ಸರಿಸಿದಳು, ಅಷ್ಟೇ. ಸಾರಿನ ಪುಡಿ, ಹಪ್ಪಳದ ಹಿಟ್ಟು, ಉಪ್ಪಿನಕಾಯಿ, ಎಲ್ಲ. ಫ್ರೀಜರಿನಲ್ಲಿ ಆಮೇಲೆ ಐಸ್ ಬಿಟ್ಟರೆ ಬೇರೇನೂ ಇರಲಿಲ್ಲ.

ಇದೂ ಹೋಗಲಿ ಎನ್ನಬಹುದು. ಮೂರು ವರ್ಷದ ಕೆಳಗೆ ಸೊಸೆಯನ್ನು ಕರೆತರಲು ಗೌರಿಬಿದನೂರಿಗೆ ಹೋಗಿದ್ದೆ. ಬೀಗಿತ್ತಿ ಜಾಡಿಗೆ ಮಾವಿನಕಾಯಿ ತುಂಬುತ್ತಿದ್ದರು. "ಶೈಲೂ, ಸ್ವಲ್ಪ ಒತ್ತು ಬಾರೆ," ಎಂದರು. ಹುಡುಗಿ ಎದ್ದು ಹೋದಳು, ಜಾಡಿಯವರೆಗೆ ಕೈ ಚಾಚಿದಳು, ಹಾಗೆಯೇ ಹಿಂದಕ್ಕೆ ತೆಗೆದುಕೊಂಡಳು. "ಬ್ಯಾಡಮ್ಮ. ನನ್ನ ಕೈ ಸರಿ ಇಲ್ಲ."

ಅವಳ ತಾಯಿ ಬೆಚ್ಚಿ ನೋಡಿದರು. "ಯಾರೇ ಹಂಗಂದಿದ್ದು? ನಾನೇ ಕಲಿಸಿದ ಕೈ ಅದು."

"ಯಾರೂ ಅಂದಿಲ್ಲ. ಇದ್ದದ್ದು ಹಂಗೆ."

ನಾನು ಕಾಫಿ ಲೋಟ ಹಿಡಿದು ಕೂತಿದ್ದೆ. ನೆಂಟರು ಅನ್ನುವುದು ಒಂದು, ಅವಳೇ ನಂಬಿಬಿಟ್ಟಿದ್ದಳು. ಅವತ್ತಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ಕಾಫಿ ಚೆನ್ನಾಗಿದೆ ಎಂದು ಹೇಳಿದೆ.

ಹೀಗಾಗಿ ಮೊನ್ನೆ ಅಂಗಡಿ ಪ್ಯಾಕೆಟ್ಟಿನ ಸುತ್ತ ಆ ನಗು ಎದ್ದಾಗ ನನಗೆ ತಡೆಯಲಾಗಲಿಲ್ಲ. ಅಂಗಡಿಯವರು ಕಟ್ಟಿ ಅಂಟಿಸಿದ ಪ್ಯಾಕೆಟ್ಟನ್ನು ಫ್ರೀಜರಿನಲ್ಲಿಡಲಿಕ್ಕೂ ಅವಳು ಒಲ್ಲಳು. ರತ್ನಮ್ಮ ಹಸು ಕಟ್ಟಲು ಹೋದದ್ದನ್ನು ನೋಡಿಕೊಂಡು, ಅಡುಗೆಮನೆಗೆ ಹೋಗಿ, ಬಾಗಿಲು ಅರ್ಧ ಮುಂದಕ್ಕೆ ಮಾಡಿ, ಮೆತ್ತಗೆ ಎಲ್ಲ ಹೇಳಿದೆ. ನೀರು, ಸೂಜಿ, ಹತ್ತು ತೂತು, ನೀರೊಲೆ. ಹೇಳಿ ಮುಗಿಸಿ, ಸ್ವಲ್ಪ ಹಗುರಾಗಿ, ಅವಳು ಕಣ್ಣೊರೆಸಿಕೊಂಡು "ಹೋಗಲಿ ಬಿಡಿ ಮಾವ" ಎನ್ನುವುದನ್ನು ಕಾಯುತ್ತ ನಿಂತೆ.

ಅವಳು ಒಲೆ ಆರಿಸಿದಳು.

"ಸೂಜೀಲಿ ಚುಚ್ಚಿದ್ರಾ?"

"ಹ್ಞೂಂ ಕಣಮ್ಮ."

"ಆರು ವರ್ಷ ನಾನು ಏನ್ ತಪ್ಪು ಮಾಡ್ದೆ ಅಂತ ಹುಡುಕ್ತಾ ಇದೀನಿ ಮಾವ. ತೇವ ಉಳೀತಾ, ಕವರು ಹಳೇದಾ, ಬಾಯಿ ಸರಿಯಾಗಿ ಮುಚ್ಚಲಿಲ್ವಾ ಅಂತ." ನಾನು ಅರ್ಧ ಮುಚ್ಚಿದ್ದ ಬಾಗಿಲನ್ನು ನೋಡಿ ಕೇಳಿದಳು, "ಬಾಗಿಲು ಯಾಕೆ ಹಾಕಿದ್ರಿ?"

ರತ್ನಮ್ಮ ಬಂದಳೇನೋ ಎಂದು ನಾನು ಬಾಗಿಲ ಸಂದಿಯಲ್ಲಿ ಇಣುಕಿದೆ.

"ಅವತ್ತು ಅಂಗಳದಲ್ಲಿ, ಎಲೆ ಮುಂದೆ, ಇಪ್ಪತ್ತೈದು ಜನದ ಎದುರಿಗೆ ಅನ್ನಿಸ್ಕೊಂಡಿದ್ದು ನಾನು. ಇವತ್ತು ಅಡುಗೆಮನೇಲಿ ಕಿವೀಲಿ ಹೇಳ್ಬಿಟ್ರೆ ಸಮ ಆಗ್ಹೋಯ್ತಾ? ಅಲ್ಲಿ ಹೇಳಿ ಮಾವ."

ಹೇಳುವುದು ಸುಲಭವಿರಲಿಲ್ಲ. ಎರಡು ದಿನ ಎದೆನೋವು ಬರಬಹುದೇ ಎಂದು ಕಾದೆ, ಬರಲಿಲ್ಲ. ಮೂರನೆಯ ದಿನ ದೊಡ್ಡಕ್ಕನಿಗೆ ಫೋನು ಮಾಡಿ, ಭಾನುವಾರ ಎಲ್ಲರನ್ನೂ ನಿನ್ನ ಮನೆಗೆ ಕರೆ, ಒಂದು ವಿಷಯ ಇದೆ ಎಂದೆ. ಆಸ್ತಿ ಭಾಗದ ವಿಷಯ ಎಂದುಕೊಂಡು ಒಬ್ಬರೂ ತಪ್ಪಿಸಲಿಲ್ಲ. ಕೆಂಚಾರ್ಲಹಳ್ಳಿಯ ಆ ನಡುಮನೆಯಲ್ಲಿ, ಹೆಂಗಸರು ಅವರೆಕಾಳಿನ ಬುಟ್ಟಿಯ ಸುತ್ತ ಕೂತಿರುವಾಗ, ಎದ್ದು ನಿಂತು ಹೇಳಿದೆ. ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಕೈಕಟ್ಟಿಕೊಂಡು, ಒಂದೂ ಬಿಡದೆ ಒಪ್ಪಿಸಿದೆ. ರತ್ನಮ್ಮನ ಕೈಯಲ್ಲಿದ್ದ ಕಾಳು ಸಿಪ್ಪೆಯೊಂದಿಗೇ ಪಾತ್ರೆಗೆ ಬಿತ್ತು.

ಮೊದಲು ನಕ್ಕವರು ನಮ್ಮ ಭಾವ. "ಅಲ್ಲಯ್ಯ, ನಿನ್ನ ಹುಳದ ಹಾಗೆ ಅವರೆಬೇಳೆನೂ ಜ್ವರಕ್ಕೆ ಕೂತಿತ್ತಾ, ಎದ್ದಿತ್ತಾ?" ಎಂದರು. ಮನೆ ತುಂಬ ನಗು. ನಗಲಿ, ಅದು ನನಗೆ ಸಲ್ಲಬೇಕಾದದ್ದೇ. ದೊಡ್ಡಕ್ಕ ಮಾತ್ರ ನಗಲಿಲ್ಲ.

"ಥೂ ನಿನ್ನ," ಎಂದಳು. "'ಚಿಕ್ಕ ಹುಡುಗಿ, ಕಲ್ತ್ಕೋತಾಳೆ' ಅಂದ್ಯಲ್ಲೋ ನನ್ ಎದುರಿಗೆ! ಆ ಮಾತು ಕೇಳಿ, ನಮ್ಮ ತಮ್ಮ ಎಷ್ಟು ದೊಡ್ಡ ಮನುಷ್ಯ ಅಂತ ಬಸ್ಸಲ್ಲಿ ಹೇಳ್ಕೊಂಡು ಬಂದೆ ಕಣೋ." ಆಮೇಲೆ ಶೈಲಜಳ ಕಡೆ ತಿರುಗಿದಳು. ಕನ್ನಡವೂ ಬರಲಿಲ್ಲ, ತೆಲುಗೂ ಬರಲಿಲ್ಲ. ಕೊನೆಗೆ ಕೇಳಿದಳು, "ನಾನಾದ್ರೆ ಬಾಯಿ ಬಡುಕಿ. ನಿನ್ ಕೈ ಮೇಲೆ ನಿಂಗೇ ನಂಬಿಕೆ ಯಾಕೆ ಹೋಯ್ತು ತಾಯಿ?"

"ಅಷ್ಟು ಜನ ದೊಡ್ಡೋರು ಒಟ್ಟಿಗೆ ಹೇಳಿದ್ರೆ ಯಾರಿಗಾದ್ರೂ ಹೋಗುತ್ತೆ ದೊಡ್ಡಮ್ಮ."

ದೊಡ್ಡಕ್ಕ ಹಿತಕಿದ ಬೇಳೆಯ ಪಾತ್ರೆಯನ್ನು ಸೊಸೆಯ ಮುಂದಕ್ಕೆ ನೂಕಿದಳು. "ತೋರ್ಸು. ಹೆಂಗೆ ಕಟ್ಟೋದು ತೋರ್ಸು."

ಶೈಲಜ ತಕ್ಷಣ ಮುಟ್ಟಲಿಲ್ಲ. ಸೆರಗಿಗೆ ಎರಡು ಸಲ ಕೈ ಒರೆಸಿಕೊಂಡಳು. ಬೇಳೆಯನ್ನು ಬಟ್ಟೆಯ ಮೇಲೆ ಆರಿಸಿ, ತಟ್ಟೆಯಲ್ಲಿ ಫ್ರೀಜರಿಗಿಟ್ಟು, ಬಿಡಿಬಿಡಿಯಾದ ಮೇಲೆ ಕವರು ಹಿಡಿದಳು. ಮೊದಲನೆಯ ಕವರಿನಲ್ಲಿ ಗಾಳಿ ಉಳಿಯಿತು, ಬಿಚ್ಚಿದಳು. ಎರಡನೆಯದರಲ್ಲೂ ಉಳಿಯಿತು. ಆರು ವರ್ಷ ಮಾಡದ ಕೆಲಸ, ಬೆರಳುಗಳಿಗೆ ಮರೆತಿತ್ತು. ಮೂರನೆಯದು ಸರಿಯಾಗಿ ಕೂತಿತು. ಇಪ್ಪತ್ತೈದು ಜನ ಹೋಮ ನೋಡುವವರ ಹಾಗೆ ನೋಡುತ್ತಿದ್ದರು. ದೊಡ್ಡಕ್ಕ ತಾನೇ ಕವರಿನ ಬಾಯಿ ಹಿಡಿದುಕೊಂಡಿದ್ದಳು.

ಶೈಲಜ ಕ್ಷಮಿಸಿದಳೇ ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಕೇಳುವ ಧೈರ್ಯವಿಲ್ಲ, ಕೇಳಿದರೆ ಅವಳು ಹೇಳಲೇಬೇಕಾಗುತ್ತದೆ, ಅದು ಇನ್ನೊಂದು ಹೊರೆ. ಕಾಫಿ ಕೊಡುತ್ತಾಳೆ, ಮಾತಾಡುತ್ತಾಳೆ, ಮೊದಲಿಗಿಂತ ಎರಡು ಮಾತು ಕಡಿಮೆ. ಮಧ್ಯಾಹ್ನ ಕಾಳಿನ ಬುಟ್ಟಿ ತಂದು ನನ್ನ ಮುಂದಿಟ್ಟು ಹೋಗುತ್ತಾಳೆ. ಹಿತಕುತ್ತೇನೆ. ಬೆರಳು ನೋಯುವುದು ನಿಜವೆಂದು ಈಗ ತಿಳಿದಿದೆ.

ಇದನ್ನು ಬರೆಯುತ್ತಿರುವಾಗಲೇ ಒಳಗೆ ಫ್ರಿಜ್ಜಿನ ಬಾಗಿಲು ಧಡಾರೆಂದು ಹಾಕಿದ ಸದ್ದಾಯಿತು.

"ಅತ್ತೆ! ಪಲ್ಯ ಹಂಗೇ ಬಟ್ಟಲಲ್ಲಿ ಬಾಯಿ ತೆರೆದು ಇಟ್ಟಿದೀರಲ್ಲ ಫ್ರೀಜರಲ್ಲಿ? ತೆಗೀರಿ ಮೊದ್ಲು. ನಂಗೆ ಹೇಳ್ದೆ ಯಾರೂ ಒಳಗೆ ಏನೂ ಇಡ್ಬೇಡಿ."

ಈ ಮನೆಗೆ ಬಂದ ಮೇಲೆ ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ರತ್ನಮ್ಮ ಎದುರು ಮಾತು ತೆಗೆಯುತ್ತಾಳೆಂದು ಕಿವಿಗೊಟ್ಟು ಕೂತೆ.

"ಆಯ್ತು ಕಣಮ್ಮ," ಎಂದಳು ರತ್ನಮ್ಮ, ಸಣ್ಣ ದನಿಯಲ್ಲಿ. ಬಟ್ಟಲು ಹೊರಗೆ ಬಂದ ಸದ್ದು ಕೇಳಿಸಿತು.